ಗೌರಿ ಹೂ ಅಂದರೆ ಯಾವ ಹೂ?

ಗದಗದ ಕಡೆಯ ಐದನೇ ತರಗತಿಯ ಹುಡುಗಿಯೊಬ್ಬಳು ಈ ಅಂಕಣಕ್ಕೆ ಒಂದು ಫೋಟೊ ಕಳಿಸಿದ್ದಳು. ಕಾಗದದ ತುಂಬ ನೇರಳೆ ಬಣ್ಣ, ನಡುವೆ ಹಳದಿ, ಮೂಲೆಯಲ್ಲೊಂದು ನೀರಿನ ಹನಿ. ಕ್ಯಾಲೆಂಡರಿಗೆ ಹಾಕುವಷ್ಟು ಚೆನ್ನಾಗಿತ್ತು. ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದಿದ್ದಳು: ‘ಇದು ಯಾವ ಹೂ? ನಮ್ಮ ಅಜ್ಜನಿಗೂ ಗೊತ್ತಾಗಲಿಲ್ಲ.’

ಅಜ್ಜನಿಗೆ ಹೇಗೆ ತಾನೆ ಗೊತ್ತಾಗಬೇಕು? ಮದುವೆಮನೆಯಲ್ಲಿ ಯಾರದೋ ಮೂಗುಬೊಟ್ಟನ್ನು ಮಾತ್ರ ಫೋಟೊ ತೆಗೆದು ‘ಇವರು ಯಾರು ಹೇಳಿ’ ಅಂದರೆ ಸ್ವಂತ ಅಕ್ಕತಂಗಿಯರೂ ತಡವರಿಸುತ್ತಾರೆ. ಎಲೆ ಹೇಗಿದೆ, ಗಿಡ ಎಷ್ಟೆತ್ತರ, ನೆಟ್ಟಗೆ ನಿಂತಿದೆಯೋ ನೆಲಕ್ಕೆ ಹಬ್ಬಿದೆಯೋ ಅಂತ ಕೇಳಿ ಒಂದು ಕಾರ್ಡು ಬರೆದೆ. ಎರಡನೇ ಫೋಟೊ ಬಂತು. ಬಣ್ಣ ಅಷ್ಟು ಚೆನ್ನಾಗಿರಲಿಲ್ಲ, ಸ್ವಲ್ಪ ಅಲುಗಾಡಿತ್ತು ಕೂಡ. ಆದರೆ ಅದರಲ್ಲಿ ಇಡೀ ಗಿಡ ಇತ್ತು. ನೆಲಕ್ಕೆ ಅಂಟಿದಂತೆ ಹರಡಿಕೊಂಡಿದೆ, ಕಾಂಡದ ಮೇಲೆ ಮುಳ್ಳು, ಎಲೆಯ ನರದ ಮೇಲೂ ಮುಳ್ಳು. ಜೊತೆಗಿದ್ದ ಚೀಟಿಯಲ್ಲಿ ಬರೆದಿತ್ತು: ‘ಇದನ್ನು ನೋಡಿದ ಕೂಡಲೆ ಅಜ್ಜ ನೆಲಗುಳ್ಳ ಅಂದರು.’ ನನ್ನ ಉತ್ತರಕ್ಕೂ ಅವಳು ಕಾಯಬೇಕಾಗಿರಲಿಲ್ಲ. ನೆಲಗುಳ್ಳ ಬದನೆಯ ನೆಂಟ. ಹಿತ್ತಿಲಲ್ಲಿ ಬದನೆ ಗಿಡ ಇದ್ದರೆ ಅದರ ಹೂವನ್ನು ಒಮ್ಮೆ ನೋಡಿ. ಅದೇ ನೇರಳೆ, ಅದೇ ಹಳದಿ.

ಆ ಎರಡು ಫೋಟೊ ನೋಡಿದ ಮೇಲೆ ಈ ವಾರ ಕಾಡುಹೂಗಳ ಬಗ್ಗೆ ಬರೆಯೋಣ ಅನ್ನಿಸಿತು. ಕಾಡುಹೂ ಅಂದರೆ ಕಾಡಿಗೇ ಹೋಗಬೇಕಾಗಿಲ್ಲ. ಯಾರೂ ನೆಡದೆ, ಯಾರೂ ನೀರು ಹಾಕದೆ ತಾನಾಗಿ ಅರಳುವ ಹೂವೆಲ್ಲ ಈ ಲೆಕ್ಕಕ್ಕೆ ಬರುತ್ತದೆ. ಬೇಲಿಸಾಲು, ಹೊಲದ ಬದು, ಕೆರೆ ಏರಿ, ಖಾಲಿ ಸೈಟು ಎಲ್ಲ ಕಡೆ ಇವೆ. ಮಳೆಗಾಲ ಮುಗಿಯುವ ಹೊತ್ತೇ ಇವುಗಳ ಸುಗ್ಗಿ.

ಹಾಸನದಿಂದ ಅರಸೀಕೆರೆ ಕಡೆಗೆ ಹೋಗುವ ದಾರಿಯ ಹಳ್ಳಿಯೊಂದರಲ್ಲಿ ನಮ್ಮ ಅಕ್ಕ ಇದ್ದಾಳೆ. ಗೌರಿ ಹಬ್ಬ ಕಳೆದ ಮೇಲೆ ಒಂದು ಭಾನುವಾರ ಅಲ್ಲಿಗೆ ಹೋಗಿದ್ದೆ. ಬೆಳಿಗ್ಗೆ ಏಳಕ್ಕೆ ಅಕ್ಕ, ಅವಳ ಮೊಮ್ಮಕ್ಕಳಿಬ್ಬರು, ನಾನು, ನಾಲ್ವರೂ ಕೆರೆ ಏರಿ ಕಡೆ ಹೊರಟೆವು. ಎಂಟನೇ ತರಗತಿಯ ಅಣ್ಣನ ಕೈಯಲ್ಲಿ ಅವರಮ್ಮನ ಫೋನು. ನಾಲ್ಕನೇ ತರಗತಿಯ ತಂಗಿಯ ಕೈಯಲ್ಲಿ ನೋಟ್‌ಬುಕ್ಕು. ಅಕ್ಕನ ಕೈಯಲ್ಲಿ ಹಾವುಹುಪ್ಪಟೆ ಬಂದೀತೆಂದು ಒಂದು ಕೋಲು. ನನ್ನ ಪಾಲಿಗೆ ಕಪ್ಪು ಕೊಡೆ. ಆ ಕೊಡೆಯ ಕೆಲಸ ಮುಂದೆ ಹೇಳುತ್ತೇನೆ.

ಬೆಳಿಗ್ಗೆಯೇ ಹೋಗಬೇಕು ಅಂತ ಹಟ ಹಿಡಿದವಳು ಅಕ್ಕ. ‘ಹತ್ತು ಗಂಟೆಗೆ ಹೋದರೆ ವಿಷ್ಣುಕ್ರಾಂತಿ ಬಾಗಿಲು ಹಾಕ್ಕೊಂಡಿರುತ್ತೆ’ ಅಂದಳು. ಮಾತು ಹೆಚ್ಚು ಕಡಿಮೆ ನಿಜ. ವಿಷ್ಣುಕ್ರಾಂತಿಯ ನೀಲಿ ಹೂ ಬೆಳಿಗ್ಗೆ ಅರಳಿ ಮಧ್ಯಾಹ್ನದ ಹೊತ್ತಿಗೆ ಮುದುಡಿಕೊಳ್ಳುತ್ತದೆ. ಮಧ್ಯಾಹ್ನ ಅದೇ ಹುಲ್ಲಿನ ಮೇಲೆ ನಡೆದು ಹೋದರೂ ಅಲ್ಲಿ ಹೂವಿತ್ತು ಅನ್ನುವುದೇ ತಿಳಿಯುವುದಿಲ್ಲ. ಅಂಗಿ ಗುಂಡಿಗಿಂತ ಚಿಕ್ಕ ಹೂ ಅದು. ನಾವು ಹೋದಾಗ ಏರಿಯ ಇಳಿಜಾರಿನಲ್ಲಿ ಹುಲ್ಲಿನ ನಡುವೆ ನೂರಾರು ಅರಳಿದ್ದವು.

ಹುಡುಗ ಫೋನನ್ನು ಹೂವಿಗೆ ತಾಗಿಸುವಷ್ಟು ಹತ್ತಿರ ಹಿಡಿದ. ಬಂದದ್ದು ನೀಲಿ ಮಂಜು. ಹೆಚ್ಚಿನ ಫೋನುಗಳಿಗೆ ಅರ್ಧ ಗೇಣಿಗಿಂತ ಹತ್ತಿರ ಇರುವುದು ಸ್ಪಷ್ಟವಾಗಿ ಕಾಣುವುದಿಲ್ಲ. ಚಾಳೀಸು ಬಂದ ಅಜ್ಜ ಪೇಪರನ್ನು ದೂರ ಹಿಡಿದು ಓದುವುದಿಲ್ಲವೇ, ಹಾಗೆಯೇ ಇದು. ಸ್ವಲ್ಪ ಹಿಂದೆ ಸರಿದು ತೆಗೆದು, ಆಮೇಲೆ ಬೇಡದ ಅಂಚನ್ನು ಕತ್ತರಿಸಿದರಾಯಿತು. ಇನ್ನೊಂದು, ನಿಂತುಕೊಂಡು ಮೇಲಿನಿಂದ ತೆಗೆದರೆ ಎಲ್ಲ ಹೂವೂ ಚಪ್ಪಟೆಯಾಗಿ ರಂಗೋಲಿ ಚುಕ್ಕಿಯ ಹಾಗೆ ಕಾಣುತ್ತದೆ. ಮಂಡಿಯೂರಿ, ಬೇಕಾದರೆ ಹೊಟ್ಟೆಯ ಮೇಲೆ ಮಲಗಿ, ಹೂವಿನ ಎತ್ತರಕ್ಕೆ ಕಣ್ಣು ತನ್ನಿ. ಎರಡೂ ಮೊಣಕೈ ನೆಲಕ್ಕೆ ಊರಿದರೆ ಕೈ ನಡುಗುವುದಿಲ್ಲ. ಅಜ್ಜ ಅಜ್ಜಿಯರಿಗೆ ಈ ವ್ಯಾಯಾಮ ಬೇಡ. ಅವರು ಕಲ್ಲಿನ ಮೇಲೆ ಕೂತು ಹೆಸರು ಹೇಳಲಿ.

ಹೂವಿನ ಪಕ್ಕ ಒಂದು ರೂಪಾಯಿ ನಾಣ್ಯ ಇಟ್ಟು ಒಂದು ಫೋಟೊ ತೆಗೆಯಿರಿ. ಇಲ್ಲದಿದ್ದರೆ ಫೋಟೊದಲ್ಲಿ ವಿಷ್ಣುಕ್ರಾಂತಿಯೂ ತಾವರೆಯೂ ಒಂದೇ ಗಾತ್ರ! ನಮ್ಮ ಹುಡುಗಿ ನಾಣ್ಯ ಮರೆತಿದ್ದಳು, ಕೂದಲ ಕ್ಲಿಪ್ಪು ಇಟ್ಟಳು. ಅದೂ ಆಗುತ್ತದೆ, ಯಾವಾಗಲೂ ಅದನ್ನೇ ಇಡುವುದಾದರೆ.

ಮುಂದೆ ತುಂಬೆ ಸಿಕ್ಕಿತು. ತುಂಬೆ ಹೂ ಕಂಡರೆ ಅಕ್ಕನ ಕೈ ತಾನಾಗಿ ಮುಂದೆ ಹೋಗುತ್ತದೆ, ಶಿವನ ಪೂಜೆಗೆ ಆಗುವ ಹೂ. ಅವತ್ತು ಕೀಳಬೇಡ ಅಂತ ಮೊದಲೇ ಹೇಳಿಟ್ಟಿದ್ದರಿಂದ ಸುಮ್ಮನಿದ್ದಳು. ಫೋಟೊ ತೆಗೆಯುವವರಿಗೆ ಬಿಳಿ ಹೂ ಒಂದು ಪರೀಕ್ಷೆ. ಬಿಸಿಲಿನಲ್ಲಿ ತೆಗೆದರೆ ತುಂಬೆ ಹೂ ಸುಣ್ಣ ಚೆಲ್ಲಿದ ಹಾಗೆ ಬರುತ್ತದೆ, ಆಕಾರವೇ ಇರುವುದಿಲ್ಲ. ಕೊಡೆ ಬೇಕಾಗುವುದು ಇಲ್ಲಿ. ಬಿಚ್ಚಿ ಗಿಡದ ಹಿಂದೆ ಹಿಡಿದರೆ ಕಪ್ಪು ಹಿನ್ನೆಲೆ ಸಿಕ್ಕಿತು, ಜೊತೆಗೆ ಗಾಳಿಯೂ ತಡೆಯಿತು. ಆಮೇಲೆ ಫೋನಿನ ಪರದೆಯಲ್ಲಿ ಹೂವಿನ ಮೇಲೆ ಬೆರಳಿಟ್ಟರೆ ಹೆಚ್ಚಿನ ಫೋನುಗಳಲ್ಲಿ ಒಂದು ಪುಟ್ಟ ಸೂರ್ಯನ ಗುರುತು ಬರುತ್ತದೆ. ಅದನ್ನು ಕೆಳಗೆ ಎಳೆದರೆ ಬೆಳಕು ಇಳಿಯುತ್ತದೆ. ಆಗ ನೋಡಿ, ತುಂಬೆ ಹೂವಿಗೆ ಕೆಳದುಟಿ ಇದೆ, ಮೇಲ್ದುಟಿಯ ಮೇಲೆ ರೋಮ ಇದೆ. ಜೇನುಹುಳ ಆ ಕೆಳದುಟಿಯ ಮೇಲೆ ಜಗುಲಿಯ ಮೇಲೆ ಕೂತ ಹಾಗೆ ಕೂತು ಒಳಗೆ ತಲೆ ತೂರಿಸುತ್ತದೆ.

ತುಂಬೆಯ ಕಾಂಡವನ್ನು ಎರಡು ಬೆರಳ ನಡುವೆ ಮೆಲ್ಲಗೆ ಹೊರಳಿಸಲು ಹುಡುಗಿಗೆ ಹೇಳಿದೆ. ‘ತಾತ, ಇದು ಉರುಟಾಗಿಲ್ಲ, ಚೌಕ!’ ಅಂದಳು. ಹೌದು, ನಾಲ್ಕು ಮೂಲೆ. ಎಲೆಗಳೂ ಎದುರುಬದುರಾಗಿ ಜೋಡಿ ಜೋಡಿ. ಮನೆಗೆ ಹೋಗಿ ತುಳಸಿ, ಪುದೀನಗಳ ಕಾಂಡ ಹೊರಳಿಸಿ ನೋಡಿ. ಇವೆಲ್ಲ ಒಂದೇ ಕುಟುಂಬ. ಹೂವಿನ ಮುಖ ನೋಡಿ ಸುಲಭವಾಗಿ ತಿಳಿಯದ ನೆಂಟಸ್ತಿಕೆ ಕಾಂಡ ಮುಟ್ಟಿದರೆ ತಿಳಿಯುತ್ತದೆ.

ಕೆರೆಯ ಕೋಡಿ ಹತ್ತಿರ ತೇವದ ನೆಲದಲ್ಲಿ ಕನ್ನೆ ಸೊಪ್ಪು ದಟ್ಟವಾಗಿ ಹಬ್ಬಿತ್ತು. ಬೆರಕೆ ಸೊಪ್ಪಿನ ಸಾರಿಗೆ ಬಿದ್ದರೆ ಅದರ ರುಚಿಯೇ ಬೇರೆ ಅಂತ ಅಕ್ಕ ಅದನ್ನೇ ನೋಡುತ್ತಾ ನಿಂತಳು. ಹುಡುಗ ಎಲೆ ಬಿಟ್ಟು ಹೂವಿನ ಮುಖವನ್ನಷ್ಟೇ ತೆಗೆದು ಗಿಡ ಗುರುತಿಸುವ ಆ್ಯಪಿಗೆ ಕೊಟ್ಟ. ಆ್ಯಪು ನಾಲ್ಕೈದು ಹೆಸರು ಸಾಲಾಗಿ ಕೊಟ್ಟು ಕೈ ತೊಳೆದುಕೊಂಡಿತು. ಈ ಕುಲದ ಹೂಗಳೆಲ್ಲ ಮುಖ ನೋಡಿದರೆ ಅವಳಿಜವಳಿ. ಆಮೇಲೆ ಎಲೆಯ ಬುಡದ ಫೋಟೊ ತೆಗೆಸಿದೆ. ಅಲ್ಲಿ ಎಲೆ ಕಾಂಡವನ್ನು ಕೊಳವೆಯಂತೆ ಸುತ್ತಿಕೊಂಡಿರುತ್ತದೆ, ಅದರ ಬಾಯಲ್ಲಿ ಕೆಂಚು ರೋಮ. ಈ ಸಲ ಹೆಸರು ಸರಿಯಾಗಿ ಬಂತು: ಕಾಮೆಲೈನಾ ಬೆಂಗಾಲೆನ್ಸಿಸ್.

ಆ ಹೆಸರಿಗೊಂದು ಕಥೆಯಿದೆ. ಕನ್ನೆ ಹೂವಿಗೆ ಮೂರು ದಳ. ಎರಡು ದೊಡ್ಡವು, ನೀಲಿ, ಎದ್ದು ಕಾಣುತ್ತವೆ. ಮೂರನೆಯದು ಕೆಳಗಡೆ ಇದ್ದೂ ಇಲ್ಲದ ಹಾಗಿರುತ್ತದೆ. ಜಗತ್ತಿನ ಗಿಡಗಳಿಗೆಲ್ಲ ಎರಡು ಪದಗಳ ಹೆಸರು ಕೊಡುವ ಪದ್ಧತಿಯನ್ನು 1753ರ ತನ್ನ ಪುಸ್ತಕದಿಂದ ನೆಲೆಗೊಳಿಸಿದ ಸ್ವೀಡನ್ನಿನ ಲಿನೇಯಸ್ ಎಂಬ ಪಂಡಿತ ಈ ಹೂ ನೋಡಿ ಹಾಲೆಂಡಿನ ಕಾಮೆಲಿನ್ ಮನೆತನವನ್ನು ನೆನೆದನಂತೆ. ಆ ಮನೆತನದಲ್ಲಿ ಇಬ್ಬರು ದೊಡ್ಡ ಸಸ್ಯಶಾಸ್ತ್ರಜ್ಞರು, ದೊಡ್ಡಪ್ಪನ ಹೆಸರು ಯಾನ್, ಅಣ್ಣನೋ ತಮ್ಮನೋ ಮಗ ಕ್ಯಾಸ್ಪರ್. ಮೂರನೆಯವನೊಬ್ಬ ಏನೂ ಸಾಧಿಸುವ ಮೊದಲೇ ತೀರಿಕೊಂಡ. ದಳಗಳ ಲೆಕ್ಕ ಸರಿಹೋಯಿತು! ಈ ಯಾನ್ ಕಾಮೆಲಿನ್‌ಗೆ ನಮ್ಮ ಕಡೆಯ ನಂಟೂ ಇದೆ. 1678ರಿಂದ 1693ರವರೆಗೆ ಹನ್ನೆರಡು ಸಂಪುಟಗಳಲ್ಲಿ ಹೊರಬಂದ, ಮಲಬಾರಿನ ಗಿಡಗಳ ಬಗೆಗಿನ ‘ಹೊರ್ಟಸ್ ಮಲಬಾರಿಕಸ್’ ಎಂಬ ಮಹಾಗ್ರಂಥದ ಕೆಲವು ಸಂಪುಟಗಳಿಗೆ ಟಿಪ್ಪಣಿ ಬರೆದವನು ಆತ. ಆ ಗ್ರಂಥಕ್ಕೆ ಗಿಡಗಳ ಹೆಸರನ್ನೂ ಗುಣವನ್ನೂ ಹೇಳಿಕೊಟ್ಟವರಲ್ಲಿ ಮುಖ್ಯನಾದವನು ಇಟ್ಟಿ ಅಚ್ಯುತನ್ ಎಂಬ ಕೇರಳದ ನಾಟಿ ವೈದ್ಯ.

ಕನ್ನೆ ಇನ್ನೊಂದು ಗುಟ್ಟನ್ನೂ ಇಟ್ಟುಕೊಂಡಿದೆ. ಅಕ್ಕನ ಹೊಲದ ಬದುವಿನಲ್ಲಿ ಕಳೆಯಾಗಿ ಬೆಳೆದಿದ್ದ ಒಂದು ಗಿಡವನ್ನು ಬೇರು ಸಹಿತ ಎಬ್ಬಿಸಿ ಮಣ್ಣು ಒದರಿದೆವು. ಬುಡದಲ್ಲಿ ಬಿಳಿಯ ಎಳೆಗಳ ತುದಿಯಲ್ಲಿ ಚಿಕ್ಕ ಚಿಕ್ಕ ಮೊಗ್ಗಿನಂಥವು. ಅವೂ ಹೂಗಳೇ. ಮಣ್ಣಿನೊಳಗೇ ಇದ್ದು, ಎಂದೂ ಅರಳದೆ, ತಮ್ಮೊಳಗೇ ಬೀಜ ಕಟ್ಟುತ್ತವೆ. ಮೇಲಿನ ಹೂವನ್ನು ದನ ಮೇಯ್ದರೂ ಕೆಳಗಿನ ಬೀಜ ಉಳಿಯಿತಲ್ಲ. ‘ಅದಕ್ಕೇ ಎಷ್ಟು ಕಿತ್ತರೂ ಮತ್ತೆ ಬರೋದು ಇದು’ ಅಂತ ಅಕ್ಕ ಹಣೆ ಚಚ್ಚಿಕೊಂಡಳು. ಅರವತ್ತು ವರ್ಷ ಆ ಕಳೆ ಕಿತ್ತವಳು ಅವಳು.

ಇನ್ನು ಅವತ್ತಿನ ಮುಖ್ಯ ಸಂಗತಿಗೆ ಬರುತ್ತೇನೆ.

ಏರಿ ಇಳಿದು ವಾಪಸು ಬರುವಾಗ ಕಳ್ಳಿ ಬೇಲಿಯ ಮೇಲೆ ಬೆಂಕಿ ಹೊತ್ತಿದ ಹಾಗೆ ಒಂದು ಬಳ್ಳಿ ಕಂಡಿತು. ಆರು ದಳ, ಆರೂ ಹಿಂದಕ್ಕೆ ಮೇಲಕ್ಕೆ ಎದ್ದಿವೆ, ಅಂಚು ಅಲೆ ಅಲೆ. ಬುಡ ಹಳದಿ, ತುದಿ ಕೆಂಪು. ಕೇಸರಗಳು ಚಕ್ರದ ಅರಗಳಂತೆ ಸುತ್ತ ಚಾಚಿಕೊಂಡಿವೆ. ಎಲೆಯ ತುದಿಯೇ ಸುರುಳಿಯಾಗಿ ಬೇಲಿಯ ಕಡ್ಡಿಗೆ ಸುತ್ತಿಕೊಂಡಿದೆ. ಹುಡುಗಿ ಕುಣಿದಳು. ‘ಗೌರಿ ಹೂ! ತೀರ್ಥಹಳ್ಳಿ ಅಜ್ಜಿ ಮನೇಲಿ ಹಬ್ಬಕ್ಕೆ ಇದನ್ನೇ ತರೋದು.’

ಅಕ್ಕ ತಿರುಗಿ ನೋಡಿದಳು. ‘ಇದಾ? ಇದು ಗೌರಿ ಹೂ ಅಲ್ಲ ಕಣೆ, ಅಗ್ನಿಶಿಖೆ. ಗೌರಿ ಹೂ ನಮ್ಮ ಹಿತ್ತಿಲಲ್ಲಿ ಐತಲ್ಲ, ಗುಲಾಬಿ ಬಣ್ಣದ್ದು, ಹಿಂದೆ ಬಾಲ ಇರೋದು, ಕಾಯಿ ಮುಟ್ಟಿದರೆ ಪಟ್ಟಂತ ಸಿಡಿಯೋದು.’

‘ಅದು ಕರ್ಣಕುಂಡಲ ಅಜ್ಜಿ!’

‘ಯಾರು ಹೇಳಿದ್ದು? ಅದೇ ಗೌರಿ ಹೂ.’

ಇಬ್ಬರ ಮಾತೂ ಸರಿ. ಹಬ್ಬದ ಹೊತ್ತಿಗೆ ಅರಳುವ ಎರಡು ಬೇರೆ ಬೇರೆ ಹೂಗಳಿಗೆ ಎರಡು ಸೀಮೆಯವರು ಅದೇ ದೇವಿಯ ಹೆಸರಿಟ್ಟಿದ್ದಾರೆ. ಕೇಳಲು ಚೆಂದ. ಆದರೆ ಅಷ್ಟು ಹೊತ್ತಿಗೆ ಅಕ್ಕನ ಮುಖ ಬಿಳಿಚಿಕೊಂಡಿತ್ತು. ಆಗಸ್ಟ್‌ನಲ್ಲಿ ಮಕ್ಕಳು ತೀರ್ಥಹಳ್ಳಿಯಲ್ಲಿದ್ದಾಗ ಫೋನಿನಲ್ಲಿ ಇದೇ ಅಕ್ಕ ಹೇಳಿದ್ದಳು: ‘ಅಲ್ಲಿ ಗೌರಿ ಹೂ ಇದ್ದರೆ ಕಾಯಿ ಸಿಡಿಸಿ ಆಟ ಆಡ್ಕೊಳ್ಳಿ, ಬೀಜ ಎತ್ತಿಟ್ಕೊಂಡು ಬನ್ನಿ, ಹಿತ್ತಿಲಿಗೆ ಹಾಕೋಣ.’ ಅವಳ ಮನಸ್ಸಿನಲ್ಲಿದ್ದದ್ದು ಕರ್ಣಕುಂಡಲ. ಹುಡುಗಿಯ ಮನಸ್ಸಿಗೆ ಬಂದದ್ದು ಈ ಬೆಂಕಿಬಣ್ಣದ ಬಳ್ಳಿ. ‘ನಾವು ಹುಡುಕಿದ್ವಿ ಅಜ್ಜಿ, ಆದರೆ ಅದಕ್ಕೆ ಇನ್ನೂ ಕಾಯೇ ಆಗಿರಲಿಲ್ಲ’ ಅಂದಳು ಹುಡುಗಿ.

ಅಗ್ನಿಶಿಖೆಯ ಮೈಯೆಲ್ಲ ವಿಷ. ಕೋಲ್ಚಿಸೀನ್ ಎಂಬ ಆ ವಿಷ ಗೆಡ್ಡೆಯಲ್ಲೂ ಇದೆ, ಬೀಜದಲ್ಲೂ ಇದೆ. ಕಾಯಿ ಬಿರಿದಾಗ ಒಳಗಿನ ಬೀಜ ಕೆಂಪಗೆ, ಮಕ್ಕಳ ಕಣ್ಣು ಸೆಳೆಯುವಂತಿರುತ್ತದೆ. ಗೆಡ್ಡೆಯನ್ನು ತಿನ್ನುವ ಗೆಣಸೆಂದು ತಿಂದು ಜೀವ ಕಳೆದುಕೊಂಡವರಿದ್ದಾರೆ. ಇದೇ ವಿಷದಿಂದ ಅಳತೆ ನೋಡಿ ಕೀಲುವಾತದ ಒಂದು ಬಗೆಗೆ ಔಷಧವನ್ನೂ ಮಾಡುತ್ತಾರೆ. ಬೀಜಕ್ಕಾಗಿಯೇ ತಮಿಳುನಾಡಿನಲ್ಲಿ ಇದನ್ನು ಹೊಲದಲ್ಲಿ ಬೆಳೆಯುತ್ತಾರೆ. ಆ ರಾಜ್ಯದ ಹೂವೂ ಇದೇ, ದೂರದ ಜಿಂಬಾಬ್ವೆ ದೇಶದ ಹೂವೂ ಇದೇ. ನೋಡಿ, ಫೋಟೊ ತೆಗೆಯಿರಿ, ಗೆಡ್ಡೆಗೂ ಕಾಯಿಗೂ ಕೈ ಹಾಕಬೇಡಿ. ಅಪ್ಪಿತಪ್ಪಿ ಮುಟ್ಟಿದರೆ ಸೋಪು ಹಾಕಿ ಕೈ ತೊಳೆಯಿರಿ.

ಅಕ್ಕ ಅಲ್ಲೇ ನಿಂತು ಆ ಬಳ್ಳಿಯ ಫೋಟೊ ತೆಗೆಸಿ ತೀರ್ಥಹಳ್ಳಿಗೆ ಕಳಿಸಿದಳು. ಎರಡೇ ನಿಮಿಷದಲ್ಲಿ ಬೀಗಿತ್ತಿಯ ಫೋನು ಬಂತು. ‘ಹೌದು ಅತ್ತಿಗೆ, ನಮ್ಮಲ್ಲಿ ಇದಕ್ಕೇ ಗೌರಿ ಹೂ ಅನ್ನೋದು. ದೇವರಿಗೆ ಮಾತ್ರ, ಮಕ್ಕಳ ಕೈಗೆ ಕೊಡಲ್ಲ.’ ಅಕ್ಕ ಹಿತ್ತಿಲಿಗೆ ಹೋಗಿ ತನ್ನ ಗೌರಿ ಹೂವಿನ ಫೋಟೊವನ್ನೂ ಕಳಿಸಿದ ಮೇಲೆಯೇ ಕಾಫಿಗೆ ಇಟ್ಟದ್ದು. ಎರಡು ಊರಿನ ಅಜ್ಜಿಯರು ಇಷ್ಟು ವರ್ಷ ಒಂದೇ ಹೆಸರು ಹೇಳುತ್ತಾ ಬೇರೆ ಬೇರೆ ಹೂ ನೋಡುತ್ತಿದ್ದರು ಅನ್ನುವುದು ಅವತ್ತು ತಿಳಿಯಿತು.

ಹೀಗಾಗಿ ನನ್ನ ಸಲಹೆ ಇಷ್ಟು. ಒಂದು ಹೂವಿಗೆ ಒಂದೇ ಫೋಟೊ ಸಾಲದು. ಮೊದಲು ಗಿಡ ನಿಂತ ಜಾಗ ಸಮೇತ ದೂರದಿಂದ ಒಂದು, ಆಮೇಲೆ ಹೂವಿನ ಮುಖ, ಪಕ್ಕದಿಂದ ಇನ್ನೊಂದು. ಬಾಲ, ಕೊಳವೆ, ತೊಟ್ಟು ಎಲ್ಲ ಪಕ್ಕದಿಂದಲೇ ಕಾಣುವುದು. ಎಲೆ ಕಾಂಡಕ್ಕೆ ಸೇರುವ ಜಾಗವನ್ನಂತೂ ಬಿಡಲೇಬೇಡಿ. ಕಾಯಿ ಇದ್ದರೆ ಅದನ್ನೂ ತೆಗೆಯಿರಿ. ಮನೆಗೆ ಬಂದು ನೋಟ್‌ಬುಕ್ಕಿನಲ್ಲಿ ದಿನ, ಊರು, ಹೆಸರು ಬರೆಯಿರಿ. ಹೆಸರಿನ ಜೊತೆ ಅದನ್ನು ಹೇಳಿದವರು ಯಾರು, ಅವರು ಯಾವ ಸೀಮೆಯವರು ಅನ್ನುವುದನ್ನೂ ಬರೆಯಬೇಕು. ನಮ್ಮ ಹುಡುಗಿ ಬರೆದಿದ್ದಾಳೆ: ‘ಗೌರಿ ಹೂ (ಹಾಸನ ಅಜ್ಜಿ), ಗೌರಿ ಹೂ (ತೀರ್ಥಹಳ್ಳಿ ಅಜ್ಜಿ). ಬೇರೆ ಬೇರೆ!!’ ಆ್ಯಪು ಕೊಟ್ಟ ಹೆಸರಿಗೆ ಕೊನೆಯ ಸಾಲು ಸಾಕು. ಅದು ಒಳ್ಳೆಯ ಸಹಾಯಕ, ಆದರೆ ಅದರ ಮಾತು ನಂಬಿ ಯಾವ ಸೊಪ್ಪನ್ನೂ ಕಾಯನ್ನೂ ಬಾಯಿಗೆ ಹಾಕಬಾರದು. ಎಕ್ಕದ ಹೂವಿನ ಹತ್ತಿರ ಹೋದಾಗ ಅದರ ಹಾಲು ಕಣ್ಣಿಗೆ ತಾಗದಿರಲಿ. ಕಾಂಗ್ರೆಸ್ ಗಿಡದ ಪೊದೆಗೆ ನುಗ್ಗಬೇಡಿ, ಕೆಲವರಿಗೆ ಮೈ ತುರಿಕೆ, ಸೀನು ಬರುತ್ತದೆ. ಮಲೆನಾಡಿನವರಿಗೆ ಮರದ ಮೇಲೆ ಸೀತಾಳೆ ಕಂಡರೆ ಫೋಟೊ ಹಂಚಿ, ಜಾಗ ಹೇಳಬೇಡಿ. ಕಿತ್ತು ಮಾರುವವರು ಇದ್ದಾರೆ.

ಹಾಸನ ಜಿಲ್ಲೆಯ ಗಿಡಗಳ ಬಗ್ಗೆ ಸಲ್ಡಾನ ಮತ್ತು ನಿಕೊಲ್ಸನ್ ಅವರು 1976ರಲ್ಲಿ ತಂದ ದಪ್ಪನೆಯ ಇಂಗ್ಲಿಷ್ ಗ್ರಂಥ ಇದೆ. ದೊಡ್ಡ ಲೈಬ್ರರಿಗಳಲ್ಲಿ ಹುಡುಕಬಹುದು. ಮಕ್ಕಳಿಗೆ ನಾನು ಹೇಳುವುದು ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತುತ್ತಾ ಗಿಡ ಗುರುತಿಸಿದ ಮೇಷ್ಟರ ಪುಸ್ತಕ, ನಗು ತಡೆಯಲಾಗುವುದಿಲ್ಲ, ಚಿತ್ರಗಳನ್ನೂ ಅವರೇ ಬರೆದಿದ್ದಾರೆ. ಏಳನೇ ತರಗತಿ ದಾಟಿದವರು ಧಾರಾಳವಾಗಿ ಓದಬಹುದು. ಚಿಕ್ಕವರಿಗೆ ಅಜ್ಜ ಅಜ್ಜಿ ಓದಿ ಹೇಳಲಿ.

ಅಕ್ಕ ಶಾಲೆಗೆ ಹೋದದ್ದು ನಾಲ್ಕೇ ವರ್ಷ. ಇಷ್ಟು ಹೆಸರು ಎಲ್ಲಿ ಕಲಿತೆ ಅಂದರೆ ನಗುತ್ತಾಳೆ. ಗಣೇಶನ ಇಪ್ಪತ್ತೊಂದು ಪತ್ರೆ ಹುಡುಕಿ ತರುವಾಗ ವಿಷ್ಣುಕ್ರಾಂತಿ, ಉತ್ತರಾಣಿ, ಎಕ್ಕ, ಉಮ್ಮತ್ತಿ ಬಂದವು. ಬೆರಕೆ ಸೊಪ್ಪು ಆರಿಸುವಾಗ ಕನ್ನೆ, ಅಣ್ಣೆ. ಕಳೆ ಕೀಳುವಾಗ ಉಳಿದವು. ಕೆಲಸಕ್ಕೆ ಬಂದದ್ದರ ಹೆಸರೆಲ್ಲ ಅವಳ ನಾಲಿಗೆಯ ತುದಿಯಲ್ಲಿದೆ.

ಒಂದಕ್ಕೆ ಮಾತ್ರ ಅವಳು ನಿಂತಳು. ಏರಿಯ ಒಣ ಬದಿಯಲ್ಲಿ, ಹುಲ್ಲಿನ ನಡುವೆ ಗೇಣುದ್ದದ ಗಿಡ. ಎಲೆ ಸಪೂರ, ಹೂ ನಸುಗೆಂಪು. ಒಂದೇ ಒಂದು ದಳ ಸಲಿಕೆಯ ಹಾಗೆ ಅಗಲವಾಗಿ ಮುಂದೆ ಚಾಚಿಕೊಂಡಿದೆ, ಉಳಿದ ದಳಗಳು ಕಂಡೂ ಕಾಣದಷ್ಟು ಚಿಕ್ಕವು. ಆ್ಯಪು ತಕ್ಷಣ ‘ಹೈಬಾಂಥಸ್ ಎನ್ನಿಯಸ್ಪರ್ಮಸ್’ ಅಂದಿತು. ಔಷಧಿ ಪುಸ್ತಕಗಳಲ್ಲಿ ಪುರುಷರತ್ನ ಅಂತ ಇದೆ, ಅದನ್ನು ಹೇಳಿದೆ. ಅಕ್ಕ ತಲೆ ಅಲ್ಲಾಡಿಸಿದಳು. ‘ಅದಲ್ಲ. ನಮ್ಮತ್ತೆ ಇದಕ್ಕೆ ಬೇರೆ ಏನೋ ಅನ್ನೋರು. ಬಾಣಂತಿಗೆ ಏನೋ ಮಾಡಿಕೊಡೋರು ಇದರಲ್ಲಿ. ನಾನು ಕೇಳಿಟ್ಕೊಳ್ಳಲಿಲ್ಲ.’ ಅತ್ತೆ ತೀರಿಕೊಂಡು ಮೂವತ್ತು ವರ್ಷವಾಯಿತು. ಊರಿಗೆ ಬರುವವರೆಗೂ ಆ ಹೆಸರನ್ನೇ ನೆನಪಿಸಿಕೊಳ್ಳುತ್ತಾ ಬಂದಳು. ಬರಲಿಲ್ಲ.

ಆ ಹೂವಿನ ನಾಲ್ಕು ಫೋಟೊಗಳನ್ನು ಈ ಪುಟದಲ್ಲಿ ಹಾಕಿಸಿದ್ದೇನೆ: ಗಿಡ, ಮುಖ, ಪಕ್ಕ, ಎಲೆ. ಪಕ್ಕದಲ್ಲಿ ಕೂದಲ ಕ್ಲಿಪ್ಪೂ ಇದೆ. ಹಾಸನ, ಅರಸೀಕೆರೆ, ತಿಪಟೂರು ಸೀಮೆಯ ಅಜ್ಜ ಅಜ್ಜಿಯರೇ, ಕನ್ನಡಕ ಹಾಕಿಕೊಂಡು ಒಮ್ಮೆ ನೋಡಿ. ನಿಮ್ಮ ಕಡೆ ಇದಕ್ಕೆ ಏನನ್ನುತ್ತಿದ್ದರು ಅಂತ ಮೊಮ್ಮಕ್ಕಳ ಕೈಯಲ್ಲಿ ಬರೆಸಿ ಕಳಿಸಿ. ಬಂದ ಹೆಸರುಗಳನ್ನೆಲ್ಲ ಅಕ್ಕನಿಗೆ ಒಂದೊಂದಾಗಿ ಓದಿ ಹೇಳುತ್ತೇನೆ.